ಈಸ್ಟ್ ಹ್ಯಾಮ್‌ನಲ್ಲಿ ಕಳೆದುಹೋದ ಟೆಲಿಫೋನ್ ಆಪರೇಟರ್

1994ರಲ್ಲಿ ನಾನು ಲಂಡನ್ನಿನ ಒಂದು ಚಿಕ್ಕ ಪ್ರವಾಸ ಕಂಪನಿಯಲ್ಲಿ ಗೈಡ್ ಆಗಿದ್ದೆ. ಅದಕ್ಕೆ ಮೊದಲು ಒಂಬತ್ತು ವರ್ಷ ಹೀಥ್ರೂ ವಿಮಾನ ನಿಲ್ದಾಣದಲ್ಲಿ ಬ್ಯಾಗೇಜ್ ವಿಭಾಗದ ಕೆಲಸ. ಶಿಫ್ಟ್ ಮುಗಿಸಿ ಎರಡು ವರ್ಷ ಸಂಜೆ ತರಗತಿಗೆ ಹೋಗಿ, ಲಂಡನ್ನಿನ ಚರಿತ್ರೆ ಓದಿ, ಪರೀಕ್ಷೆ ಪಾಸು ಮಾಡಿ ಗೈಡಿನ ಬ್ಯಾಡ್ಜ್ ಪಡೆದಿದ್ದೆ. ಮನೆ ಫೆಲ್ಥಮ್‌ನಲ್ಲಿ, ಹುಟ್ಟೂರು ಉಡುಪಿ ಕಡೆಯ ಶಿರ್ವ. ಮನೆಮಾತು ಕೊಂಕಣಿಯಾದರೂ ಶಾಲೆಯಲ್ಲಿ ಕಲಿತ ಕನ್ನಡ ಮರೆತಿರಲಿಲ್ಲ. ಹಾಗಾಗಿ ಕರ್ನಾಟಕದಿಂದ ಯಾರಾದರೂ ಬಂದರೆ ಆಫೀಸಿನವರು ನನ್ನನ್ನೇ ಕಳಿಸುತ್ತಿದ್ದರು.

ಅರಮನೆ, ಸೇತುವೆ, ಗಡಿಯಾರದ ಗೋಪುರ ಇವನ್ನೆಲ್ಲ ನೋಡಿ ಮುಗಿಸಿದವರಿಗಾಗಿ ನಮ್ಮಲ್ಲಿ ಎರಡು ದಿನಗಳ ಒಂದು ವಿಶೇಷ ಕಾರ್ಯಕ್ರಮವಿತ್ತು. ಗುಂಪಿನಲ್ಲಿ ಆರು ಜನರಿಗಿಂತ ಹೆಚ್ಚಿಲ್ಲ, ಬಸ್ಸಿಲ್ಲ, ಮೈಕಿಲ್ಲ. ಸಾಮಾನ್ಯ ಪ್ರವಾಸಿಗರು ಕಾಣದ, ಸೊಗಸಾದ ಲಂಡನ್ ತೋರಿಸುವುದು ಅದರ ಉದ್ದೇಶ. ಅದರ ಪಟ್ಟಿ ಮಾಡಿದವನು ನಾನೇ. ಹಿಂದೆ ಒಬ್ಬ ವಾಸ್ತುಶಿಲ್ಪಿ ವಾಸವಾಗಿದ್ದು, ಅವನ ಕಾಲದಲ್ಲಿ ಇದ್ದಂತೆಯೇ ಕಾಪಾಡಿಕೊಂಡು ಬಂದಿರುವ ಮನೆ, ಗಾಜಿನ ಸೂರಿನ ಹಳೆಯ ಅಂಗಡಿ ಸಾಲು, ಲಿಟಲ್ ವೆನಿಸ್‌ನ ಕಾಲುವೆ ದಂಡೆ, ಕೈಯಿಂದಲೇ ಟೋಪಿ ಹೊಲಿಯುವವರ ಅಂಗಡಿ. ಎಲ್ಲಿ ಎಷ್ಟು ನಿಮಿಷ ಎಂಬುದೂ ಅದರಲ್ಲಿತ್ತು. ಆ ಪಟ್ಟಿಯ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆ ವರ್ಷದ ಜೂನ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ಐದು ಹೆಂಗಸರು ಬಂದರು. ಐವರೂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಪರೇಟರುಗಳಾಗಿ ದುಡಿದು ನಿವೃತ್ತರಾದವರು. ಪರವೂರಿಗೆ ಮಾತಾಡಬೇಕಾದರೆ ಟ್ರಂಕ್ ಕಾಲ್ ಬುಕ್ ಮಾಡಿ ತಾಸುಗಟ್ಟಲೆ ಕಾಯಬೇಕಿದ್ದ ಕಾಲದಲ್ಲಿ, ಊರಿಂದ ಊರಿಗೆ ತಂತಿ ಜೋಡಿಸಿಕೊಡುತ್ತಿದ್ದವರು. ಶಾಂತಕ್ಕ ಅವರ ಸೂಪರ್‌ವೈಸರ್ ಆಗಿದ್ದರು, ಪ್ರವಾಸದಲ್ಲೂ ಅದೇ ಹುದ್ದೆ ಮುಂದುವರಿದಿತ್ತು. ಸುಶೀಲಾಬಾಯಿ ಐವರಲ್ಲಿ ಅತ್ಯಂತ ಮಿತಭಾಷಿ. ಹಸಿರು ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡು ಎಲ್ಲರ ಹಿಂದೆ ನಡೆಯುತ್ತಿದ್ದರು.

ಬುಧವಾರ ಬೆಳಿಗ್ಗೆ ವಾಸ್ತುಶಿಲ್ಪಿಯ ಮನೆ, ಅಂಗಡಿ ಸಾಲು, ಕಾಲುವೆ ಎಲ್ಲ ವೇಳೆಗೆ ಸರಿಯಾಗಿ ಮುಗಿದವು. ಶಾಂತಕ್ಕ ಪರೀಕ್ಷೆಗೆ ಕೂತವರಂತೆ ನಾನು ಹೇಳಿದ್ದನ್ನೆಲ್ಲ ಡೈರಿಯಲ್ಲಿ ಬರೆದುಕೊಂಡರು. ಉಳಿದವರು ಮರ್ಯಾದೆಯಿಂದ ತಲೆಯಾಡಿಸಿದರು. ಯಾರ ಮುಖದಲ್ಲೂ ಬೇಸರವಿರಲಿಲ್ಲ, ಹಾಗೆಂದು ಸಂತೋಷವೂ ಇರಲಿಲ್ಲ. ಹಸಿವಾಗಿರಬೇಕು ಎಂದುಕೊಂಡು ಡಿಸ್ಟ್ರಿಕ್ಟ್ ಲೈನಿನ ಟ್ಯೂಬ್ ರೈಲು ಹತ್ತಿಸಿ ಈಸ್ಟ್ ಹ್ಯಾಮ್‌ಗೆ ಕರೆದೊಯ್ದೆ. ಅಲ್ಲಿನ ಹೈ ಸ್ಟ್ರೀಟ್ ನಾರ್ತ್‌ನಲ್ಲಿ ದಕ್ಷಿಣ ಭಾರತದ ಹೋಟೆಲುಗಳಿವೆ, ಸೀರೆ ಅಂಗಡಿಗಳಿವೆ. ದೋಸೆ ಬಂತು. ಶಾಂತಕ್ಕ ಒಂದು ತುತ್ತು ತಿಂದು, "ಛಲೋ ಐತ್ರಿ ಲೋಬೋ ಸರ್. ಆದ್ರ ಇದು ನಮ್ಮ ಸ್ಟೇಶನ್ ರೋಡ್‌ನ್ಯಾಗೂ ಸಿಗತೈತಿ" ಎಂದರು.

ಗೈಡುಗಳಿಗೆ ಮೊದಲ ಪಾಠ ಹೆಡ್ ಕೌಂಟ್. ಎಲ್ಲಿಗೆ ಹೋದರೂ ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ ತಲೆ ಎಣಿಸಬೇಕು. ಹೋಟೆಲಿನಿಂದ ಹೊರಟಾಗ ಎಣಿಸಿದ್ದೆ, ಐದು. ಪಕ್ಕದ ಸೀರೆ ಅಂಗಡಿಗೆ ನುಗ್ಗುವಾಗ ಎಣಿಸಲಿಲ್ಲ. ಆ ಬೀದಿಯ ಚರಿತ್ರೆ ಹೇಳುವುದರಲ್ಲಿ ಮೈಮರೆತಿದ್ದೆ. ಎರಡೂವರೆಗೆ ಅಂಗಡಿಯಿಂದ ಹೊರಡುವಾಗ ಎಣಿಸಿದರೆ ನಾಲ್ಕು. ಮತ್ತೆ ಎಣಿಸಿದೆ. ನಾಲ್ಕೇ.

"ಸುಶೀಲಾ ಎಲ್ಲಿ?" ಎಂದು ಶಾಂತಕ್ಕ ಸುತ್ತ ನೋಡಿದರು. ಆಮೇಲೆ ತಮ್ಮ ಚೀಲ ತಡಕಿ, ತಗ್ಗಿದ ದನಿಯಲ್ಲಿ ಹೇಳಿದರು: "ಆಕೀ ಶುಗರ್ ಗುಳಿಗಿ ನನ್ನ ಪರ್ಸಿನ್ಯಾಗ ಅದಾವ್ರಿ."

ಸುಶೀಲಾಬಾಯಿಯ ಬಳಿ ಪಾಸ್‌ಪೋರ್ಟ್ ಇಲ್ಲ, ಅದು ತಂಗಿದ್ದ ಹೋಟೆಲಿನ ಲಾಕರಿನಲ್ಲಿತ್ತು. ಆ ಹೋಟೆಲಿನ ಹೆಸರಾದರೂ ನೆನಪಿದೆಯೋ ಇಲ್ಲವೋ. ಆಗ ನಮ್ಮಂಥವರ ಕೈಯಲ್ಲಿ ಮೊಬೈಲ್ ಇರಲಿಲ್ಲ. ಅತಿಥಿ ಕಳೆದುಹೋದರೆ ವಿಚಾರಣೆ ಮುಗಿಯುವವರೆಗೆ ಗೈಡನ್ನು ಕೆಲಸದಿಂದ ದೂರ ಇಡುವುದು ಕಂಪನಿಯ ನಿಯಮ. ನಾಲ್ವರಿಗೂ ಅಲ್ಲೇ ಇರಲು ಹೇಳಿ ನಾನು ಟ್ಯೂಬ್ ಸ್ಟೇಷನ್ನಿಗೆ ಓಡಿದೆ. ಟಿಕೆಟ್ ಗೇಟಿನವನು ನೋಡಿಲ್ಲವೆಂದ. ಬಸ್ ನಿಲ್ದಾಣಗಳಲ್ಲಿ ವಿಚಾರಿಸಿದೆ. ಪೊಲೀಸ್ ಠಾಣೆಯಲ್ಲಿ ಒಬ್ಬ ಕಾನ್‌ಸ್ಟೇಬಲ್ ಸಾವಧಾನವಾಗಿ ಬರೆದುಕೊಂಡು, "ದೊಡ್ಡವರು ತಾನೇ, ಸ್ವಲ್ಪ ಕಾಯಿರಿ" ಎಂದ. ಬೆವರು ಸುರಿಸುತ್ತ ಸೀರೆ ಅಂಗಡಿಗೆ ಹಿಂತಿರುಗಿದರೆ, ಅದು ಅಂಗಡಿಯಾಗಿ ಉಳಿದಿರಲೇ ಇಲ್ಲ.

ಅಂಗಡಿಯ ಒಡತಿ, ತಮಿಳು ಹೆಂಗಸು, ಕೌಂಟರಿನ ಮೇಲಿದ್ದ ಸೀರೆಗಳನ್ನು ಸರಿಸಿ ಟೆಲಿಫೋನನ್ನು ಮಧ್ಯಕ್ಕಿಟ್ಟಿದ್ದರು. ಶಾಂತಕ್ಕ ಸ್ಟೂಲಿನ ಮೇಲೆ ನೆಟ್ಟಗೆ ಕೂತು ರಿಸೀವರ್ ಹಿಡಿದಿದ್ದರು. ಒಬ್ಬರು ಅಲ್ಲಿನ ಅಂಗಡಿಗಳ ಡೈರೆಕ್ಟರಿ ತೆರೆದು ಅದೇ ಬೀದಿಯ ನಂಬರುಗಳನ್ನು ಓದುತ್ತಿದ್ದರು, ಇನ್ನೊಬ್ಬರು ಡಯಲ್ ಮಾಡುತ್ತಿದ್ದರು, ಮತ್ತೊಬ್ಬರು ಉತ್ತರಗಳನ್ನು ಬರೆದುಕೊಳ್ಳುತ್ತಿದ್ದರು. ಮೂವತ್ತು ವರ್ಷ ಪಳಗಿದ ದನಿ ಏರದೆ ಇಳಿಯದೆ ಕೇಳುತ್ತಿತ್ತು: "ಗುಡ್ ಆಫ್ಟರ್‌ನೂನ್. ಒನ್ ಇಂಡಿಯನ್ ಲೇಡಿ, ಗ್ರೀನ್ ಸ್ಯಾರಿ, ವೈಟ್ ಶೂಸ್. ಹ್ಯಾವ್ ಯು ಸೀನ್? ನೋ? ಥ್ಯಾಂಕ್ ಯು, ಮೇಡಂ."

ನಾನು ಏನೋ ಹೇಳಹೋದೆ. ಶಾಂತಕ್ಕ ಕೈಯೆತ್ತಿ ತಡೆದರು. "ಗದ್ದಲ ಮಾಡಬ್ಯಾಡ್ರಿ, ಲೈನ್ ಮ್ಯಾಲೆ ಅದೀನಿ."

ಹದಿನಾಲ್ಕನೆಯ ಕರೆ ಒಂದು ಬೇಕರಿಗೆ ಹೋಯಿತು. ಹೌದು, ಹಸಿರು ಸೀರೆಯ ಹೆಂಗಸು ಅರ್ಧ ಗಂಟೆ ಹಿಂದೆ ಬಾಗಿಲಲ್ಲಿ ನಿಂತು "ಮ್ಯೂಸಿಕ್? ವೇರ್?" ಎಂದು ಕೇಳಿದ್ದರಂತೆ. ಹಿಂದಿನ ಬೀದಿಯ ಚರ್ಚ್ ಹಾಲ್ ತೋರಿಸಿದೆ ಎಂದಳು ಬೇಕರಿಯವಳು.

ನಾಲ್ವರು ಹೆಂಗಸರೂ ನಾನೂ ಓಡಿದೆವು ಎಂದರೆ ತಪ್ಪಿಲ್ಲ. ಹಾಲ್‌ನ ಬಾಗಿಲಲ್ಲಿ ಕೈಬರಹದ ಒಂದು ಫಲಕ: ಬುಧವಾರ, ಟೀ ಡ್ಯಾನ್ಸ್. ನಿವೃತ್ತರು ಮಧ್ಯಾಹ್ನ ಸೇರಿ ಹಳೆಯ ರೆಕಾರ್ಡುಗಳಿಗೆ ಜೋಡಿಯಾಗಿ ಕುಣಿದು, ಚಹಾ ಕುಡಿದು ಮನೆಗೆ ಹೋಗುವ ಕೂಟ ಅದು. ಒಳಗೆ ಮೂವತ್ತು ಜನರಿದ್ದಿರಬೇಕು. ಗಂಡಸರು ಟೈ ಕಟ್ಟಿದ್ದರು. ಹೆಂಗಸರು ಮುತ್ತಿನ ಸರ ಹಾಕಿ, ಕುಣಿಯಲೆಂದೇ ಇಟ್ಟುಕೊಂಡಿದ್ದ ಬೆಳ್ಳಿ ಬಣ್ಣದ ಬೂಟು ತೊಟ್ಟಿದ್ದರು. ಅವರ ನಡುವೆ ಸೆರಗನ್ನು ಸೊಂಟಕ್ಕೆ ಬಿಗಿದು, ಎಂಬತ್ತರ ಆಸುಪಾಸಿನ ಒಬ್ಬ ಎತ್ತರದ ಮುದುಕನ ಕೈ ಹಿಡಿದು, ಸುಶೀಲಾಬಾಯಿ ವಾಲ್ಟ್ಸ್ ಕಲಿಯುತ್ತಿದ್ದರು. ಕಣ್ಣು ನೆಲದ ಮೇಲೆ, ತುಟಿ ಎಣಿಸುತ್ತಿತ್ತು: ಒಂದು-ಎರಡು-ಮೂರು, ಒಂದು-ಎರಡು-ಮೂರು.

ಭಯ ಹೋದ ಕೂಡಲೇ ನನಗೆ ಸಿಟ್ಟು ಬಂತು. ನೇರ ಹೋಗಿ ನಿಂತೆ. "ಎಂಥದು ಮಾರಾಯ್ರೆ ಇದು? ಪೊಲೀಸಿಗೆ ಹೇಳಿ ಬಂದಿದ್ದೇನೆ!"

ಅವರು ಕಾಲು ನಿಲ್ಲಿಸಲಿಲ್ಲ. "ತಪ್ಪಾತ್ರಿ ಸರ್. ಬೈಯ್ರಿ, ಎಷ್ಟರ ಬೈಯ್ರಿ. ಆದ್ರ ಈ ಹಾಡು ಮುಗೀಲಿ."

ಹಾಡು ಮುಗಿಯಿತು. ಶಾಂತಕ್ಕ ಗುಳಿಗೆ ನುಂಗಿಸಿ, ಕೂರಿಸಿ, ಚೆನ್ನಾಗಿ ಬೈದರು. ಸುಶೀಲಾಬಾಯಿ ತಲೆ ತಗ್ಗಿಸಿ ಕೇಳಿಸಿಕೊಂಡು ಕೊನೆಗೆ ಇಷ್ಟೇ ಹೇಳಿದರು: "ಶಾಂತಕ್ಕಾ, ಮೂವತ್ಮೂರು ವರ್ಷ ಕುರ್ಚಿ ಬಿಟ್ಟು ಏಳೂಹಂಗಿರಲಿಲ್ಲ. ಬಂದಾಗಿಂದ ಇಲ್ಲೂ ಬರೇ ನೋಡೂದು, ನೋಡೂದು. ಹಾಡು ಕೇಳ್ತು, ಕಾಲು ತಾನ ಹೋತು."

ಶಾಂತಕ್ಕ ಡೈರಿಯನ್ನು ಕುರ್ಚಿಯ ಮೇಲಿಟ್ಟರು. "ನನಗೂ ಕಲಸ್ತಾನೇನು ಆ ಅಜ್ಜ, ಕೇಳ."

ಅಜ್ಜನ ಹೆಸರು ಆರ್ಥರ್, ಒಂದು ಕಾಲದಲ್ಲಿ ಬಸ್ ಕಂಡಕ್ಟರ್ ಆಗಿದ್ದವರು. ಅವರೂ ಅವರ ಗೆಳೆಯರೂ ಹುಬ್ಬಳ್ಳಿಯ ಎಲ್ಲರನ್ನೂ ಕುಣಿತಕ್ಕೆ ಎಳೆದರು. ನಮ್ಮ ಶಿರ್ವದ ಕಡೆ ಕ್ರೈಸ್ತರ ಮದುವೆ ಎಂದರೆ ವಾಲ್ಟ್ಸ್ ಇಲ್ಲದೆ ಮುಗಿಯುವುದಿಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗಿನಿಂದ ಕುಣಿದವನು ನಾನು. ಹಾಗಿದ್ದೂ ಕುಣಿತ ನನ್ನ ಪಟ್ಟಿಯಲ್ಲಿ ಇರಲಿಲ್ಲ. ಹುಬ್ಬಳ್ಳಿಯ ಅರವತ್ತರ ಹೆಂಗಸರಿಗೆ ಅದು ಬೇಡ ಎಂದು, ಅವರನ್ನು ಕೇಳದೆಯೇ, ನಾನೇ ತೀರ್ಮಾನಿಸಿಬಿಟ್ಟಿದ್ದೆ. ಟೈ ಸರಿಮಾಡಿಕೊಂಡು ಶಾಂತಕ್ಕನ ಮುಂದೆ ಬಾಗಿ ನಿಂತೆ. ಅವರು ನನ್ನ ಕಾಲನ್ನು ನಾಲ್ಕು ಸಲ ತುಳಿದರು. ನಾಲ್ಕು ಸಲವೂ "ಸಾರಿ, ರಾಂಗ್ ನಂಬರ್" ಎಂದರು.

ಚಹಾ ಬಂತು. "ಕೇಕಿನ್ಯಾಗ ತತ್ತಿ ಐತೇನ್ರಿ?" ಎಂದು ಒಬ್ಬರು ಕೇಳಿದರು, ಇದೆ ಎಂದಾಗ ಬಿಸ್ಕತ್ತಿಗೆ ತೃಪ್ತರಾದರು. ಆಮೇಲೆ ಋಣ ತೀರಿಸುವ ಸರದಿ ಅವರದು. ನಾಗಪಂಚಮಿಗೆ ಆಡುವ ಫುಗಡಿ, ಇಬ್ಬರು ಎದುರುಬದುರು ನಿಂತು ಕೈ ಕತ್ತರಿ ಹಿಡಿದು, ಹಿಂದಕ್ಕೆ ವಾಲಿ ಗರಗರ ತಿರುಗುವ ಆಟ. ಸುಶೀಲಾಬಾಯಿ ಮತ್ತು ಶಾಂತಕ್ಕ ಆಡಿ ತೋರಿಸಿದರು. ಸೀರೆಗಳು ಹಾರಿದವು, ಬಳೆಗಳು ಗಲ್ಲೆಂದವು, ಹಾಲ್‌ನ ಮುದುಕ ಮುದುಕಿಯರೆಲ್ಲ ಎದ್ದು ಚಪ್ಪಾಳೆಯಿಂದ ತಾಳ ಹಾಕಿದರು. ಬೆಳ್ಳಿ ಬೂಟಿನ ಇಬ್ಬರು ಅಜ್ಜಿಯರು ಮೆಲ್ಲಗೆ ಎರಡು ಸುತ್ತು ಪ್ರಯತ್ನಿಸಿ, ನಗು ತಡೆಯಲಾರದೆ ಒಬ್ಬರನ್ನೊಬ್ಬರು ತಬ್ಬಿಕೊಂಡು ನಿಂತರು.

ಅಲ್ಲಿಂದ ಹೊರಟು ಠಾಣೆಗೆ ಹೋಗಿ, ಸಿಕ್ಕಿದರೆಂದು ತಿಳಿಸಿ, ಸಂಜೆ ಆರಕ್ಕೆ ಮ್ಯಾನೇಜರ್ ಹೆಲೆನ್‌ಗೆ ಫೋನ್ ಮಾಡಿದೆ. ಮುಚ್ಚಿಡಬಹುದಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಎಲ್ಲವನ್ನೂ ಹೇಳಿದೆ. ನಾನು ಮನಸ್ಸಿನಲ್ಲೇ ಹೀಥ್ರೂವಿನ ಹಳೆಯ ಸೂಪರ್‌ವೈಸರನ್ನು ನೆನೆಯುತ್ತಿದ್ದೆ, ಕೆಲಸ ವಾಪಸ್ ಕೊಟ್ಟಾರೇ ಎಂದು.

"ಆ ಡ್ಯಾನ್ಸ್ ಪ್ರತಿ ಬುಧವಾರ ಇರುತ್ತದೆಯೇ?" ಎಂದು ಹೆಲೆನ್ ಕೇಳಿದಳು.

"ಇರುತ್ತದಂತೆ."

"ಮುಂದಿನ ವಾರ ನನ್ನನ್ನು ಕರೆದುಕೊಂಡು ಹೋಗಿ. ವರದಿ ಮಾತ್ರ ಬರೆಯಲೇಬೇಕು. ತಲೆ ಎಣಿಸಲಿಲ್ಲ ಎಂಬುದೂ ಅದರಲ್ಲಿರಲಿ."

ಬರೆದೆ. ಒಂದು ಎಚ್ಚರಿಕೆ ಪತ್ರ ಬಂತು, ಕೆಲಸ ಉಳಿಯಿತು.

ಗುರುವಾರ ಬೆಳಿಗ್ಗೆ ಪಟ್ಟಿಯನ್ನು ಜೇಬಿನಿಂದ ತೆಗೆಯಲೇ ಇಲ್ಲ. "ಇವತ್ತು ಏನು ನೋಡುವ ಅಂತ ನಾನು ಹೇಳುವುದಿಲ್ಲ. ನಿಮಗೆ ಏನು ಮಾಡಲಿಕ್ಕೆ ಆಸೆ, ನೀವು ಹೇಳಿ" ಎಂದೆ. ಐವರೂ ಮುಖ ಮುಖ ನೋಡಿಕೊಂಡರು. ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿದಂತೆ ಕಾಣಲಿಲ್ಲ. ಕಡೆಗೆ ಶಾಂತಕ್ಕನೇ ಶುರು ಮಾಡಿದರು: ಕೆಂಪು ಬಸ್ಸಿನ ಮಹಡಿಯಲ್ಲಿ ಎಲ್ಲಕ್ಕಿಂತ ಮುಂದಿನ ಸೀಟಿನಲ್ಲಿ ಕೂತು, ಎಲ್ಲಿಯೂ ಇಳಿಯದೆ ಕೊನೆಯ ಸ್ಟಾಪಿನವರೆಗೆ ಹೋಗಬೇಕು. ಒಬ್ಬರಿಗೆ ಪಾರ್ಕಿನ ಕೆರೆಯಲ್ಲಿ ದೋಣಿಗೆ ತಾವೇ ಹುಟ್ಟು ಹಾಕಬೇಕಿತ್ತು. ಇನ್ನೊಬ್ಬರಿಗೆ ಟೋಪಿ ಅಂಗಡಿಯಲ್ಲಿ ನೋಡಿ ಬರುವುದಲ್ಲ, ಒಂದೊಂದಾಗಿ ಎಲ್ಲವನ್ನೂ ತಲೆಗಿಟ್ಟುಕೊಳ್ಳಬೇಕಿತ್ತು. ಸೊಂಟದವರೆಗೆ ಜಡೆಯಿದ್ದ ನಾಲ್ಕನೆಯವರು ಬಹಳ ಹಿಂಜರಿದು, ಚೆಲ್ಸಿ ಬಡಾವಣೆಯ ಸಲೂನಿನಲ್ಲಿ ಕೂದಲು ಕತ್ತರಿಸಿಕೊಳ್ಳಬೇಕು ಎಂದರು. "ಮನ್ಯಾಗ ಏನಂತಾರೋ." "ಅನ್ನಲಿ ಬಿಡ!" ಎಂದು ಉಳಿದ ನಾಲ್ವರೂ ಒಟ್ಟಿಗೆ ಕೂಗಿದರು.

"ನಿಮಗೆ?" ಎಂದು ಸುಶೀಲಾಬಾಯಿಯನ್ನು ಕೇಳಿದೆ.

"ನಂದು ನಿನ್ನೇನ ಆತ್ರಿ. ಇವತ್ತು ಇವರ ಚೀಲ ಹಿಡಕೊಂಡು ಕೂಡ್ತೀನಿ."

ನಾಲ್ಕೂ ನಡೆದವು. ಸಲೂನಿನ ಕನ್ನಡಿಯ ಮುಂದೆ ಭುಜದವರೆಗಿನ ಕೂದಲನ್ನು ಅತ್ತಿತ್ತ ಬೀಸಿ ನೋಡಿದ ಆ ಮುಖವನ್ನು ನಾನು ಇಂದಿಗೂ ಮರೆತಿಲ್ಲ.

ಅದಾದ ಮೇಲೆ ಹದಿನಾಲ್ಕು ವರ್ಷ ಗೈಡ್ ಆಗಿದ್ದೆ. ತಲೆ ಎಣಿಸುವುದನ್ನು ಮತ್ತೆಂದೂ ತಪ್ಪಿಸಲಿಲ್ಲ, ಅದು ನಿಯಮ. ಆದರೆ ನನ್ನ ಕೆಲಸವೇನೆಂದು ತಿಳಿದದ್ದು ಆ ಎರಡು ದಿನಗಳಲ್ಲಿ. ಪ್ರತಿ ಹೊಸ ಗುಂಪಿಗೂ ಮೊದಲು ಕುರ್ಚಿ ಹಾಕಿ ಕೂರಿಸಿ, ಇಲ್ಲಿ ಏನು ಮಾಡಬೇಕೆಂದು ನಿಮಗಾಸೆ ಎಂದು ಕೇಳುತ್ತಿದ್ದೆ. ಹೆಚ್ಚಿನವರು ಮೊದಲು, "ನೀವೇ ಹೇಳಿ, ಯಾವುದಾದರೂ ಸರಿ" ಅನ್ನುತ್ತಿದ್ದರು. ನಿಜವಾದ ಉತ್ತರ ಬರಲು ಕೆಲವೊಮ್ಮೆ ಹತ್ತು ನಿಮಿಷ ಹಿಡಿಯುತ್ತಿತ್ತು. ನಾನು ಕಾಯುತ್ತಿದ್ದೆ.