ಬಾವುಟದ ಬಾಗಿಲು

ಹೋದ ವಾರ ಜರ್ಮನಿಯ ಬೊಬ್ಲಿಂಗೆನ್‌ನಲ್ಲಿ ಹೊಸ ಮನೆಗೆ ಸಾಮಾನು ಸಾಗಿಸುವಾಗ, ಏಳು ವರ್ಷದಿಂದ ಬಿಚ್ಚದೆ ಇಟ್ಟಿದ್ದ ರಟ್ಟಿನ ಪೆಟ್ಟಿಗೆಯೊಂದರ ಅಂಟುಪಟ್ಟಿ ತಾನಾಗಿ ಕಿತ್ತು ಬಂತು. ನುಸಿಗುಳಿಗೆಯ ವಾಸನೆ, ಅದರಡಿಯಲ್ಲಿ ಹಳೇ ಬಟ್ಟೆಯ ಮುಗ್ಗಲು ವಾಸನೆ. ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣು ಬಾಗಿಲ ಕಡೆ ಹೋಯಿತು. ಯಾರೂ ತಟ್ಟಿರಲಿಲ್ಲ...

ಹೈಡೆಲ್‌ಬರ್ಗ್‌ನಲ್ಲಿ ಓದುವಾಗ, ಬಾಡಿಗೆ ಕಡಿಮೆಯೆಂದು, ರೈಲಿನಲ್ಲಿ ಅರ್ಧ ಗಂಟೆ ದೂರದ ಪುಟ್ಟ ನಗರದಲ್ಲಿ ಮೈಸೂರಿನ ಗೆಳತಿಯೊಬ್ಬಳ ಜೊತೆ ಇದ್ದೆ. ಕೆಳಗಿನ ಮನೆಯಲ್ಲಿ ಒಬ್ಬರೇ ಅಜ್ಜಿ. ಇಲ್ಲಿಯವರು ಅಜ್ಜಿಗೆ ಓಮಾ ಎನ್ನುತ್ತಾರೆ; ನಾನೂ ಹಾಗೇ ಕರೆಯುತ್ತಿದ್ದೆ. ನಗರದ ಬಾವುಟ ಹೊಲಿಯುವುದು ಅವರ ಕೆಲಸ. ಅವರ ಅಮ್ಮ, ಅಮ್ಮನ ಅಮ್ಮ ಮಾಡಿದ್ದೂ ಅದೇ. ಸಣ್ಣ ಬಾವುಟಗಳೆಲ್ಲ ಅಚ್ಚಾಗಿ ಬರತೊಡಗಿದ್ದವು. ನಗರಸಭೆಯ ಗೋಡೆಗೆ ಮೂರನೇ ಮಹಡಿಯಿಂದ ಇಳಿಬಿಡುವ ದೊಡ್ಡದೊಂದು ಮಾತ್ರ ಕೈಹೊಲಿಗೆಯದು. ಗಾಳಿಗೆ ಹರಿದದ್ದನ್ನು ಪ್ರತಿ ವರ್ಷ ಓಮಾ ಸರಿಮಾಡಬೇಕು. ಕಣ್ಣಿಗೆ ಪೊರೆ ಬಂದಿತ್ತು. ಸೂಜಿಗೆ ದಾರ ಪೋಣಿಸಿಕೊಡೆಂದು ನನ್ನನ್ನು ಕರೆದರು. ನಾನು ಹೊಲಿಯುವುದನ್ನೂ ನೋಡಿದ ಮೇಲೆ ನನ್ನನ್ನು ಬಿಡಲಿಲ್ಲ.

ನಮ್ಮವ್ವ ಗದಗಿನಲ್ಲಿ ಕುಪ್ಪಸ ಹೊಲಿದು ನನ್ನನ್ನು ಓದಿಸಿದವಳು. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಓದಿನ ಜೊತೆಗೇ ಕಾಜಾ, ಗುಂಡಿ, ಸೀರೆಯ ಫಾಲು ಕಲಿತೆ. "ಬಾಯಿ ಬಿಟ್ಟ ಹೊಲಿಗಿ ಗಿರಾಕಿ ಕೈಯಾಗ ಕೊಡಬ್ಯಾಡ ಯವ್ವಾ, ಮಾನ ಹೋಗತೈತಿ," ಎನ್ನುವಳು ಅವ್ವ. ಗೆಳತಿ ಮಾತ್ರ ರೇಗಿಸುತ್ತಿದ್ದಳು: "ಮಾಸ್ಟರ್ಸ್ ಮಾಡೋಕ್ ಬಂದು ಟೈಲರ್ ಅಂಗಡಿ ಇಟ್ಯಲ್ಲೇ! ನನ್ ಬ್ಲೌಸೂ ಸ್ವಲ್ಪ ಟೈಟ್ ಮಾಡ್ಕೊಡೆ."

ಬಾವುಟಕ್ಕೆ ಉದ್ದುದ್ದ ಎರಡು ಪಟ್ಟಿ, ನೀಲಿ ಮತ್ತು ಬಿಳಿ. ಮೇಲ್ಭಾಗದಲ್ಲಿ ಕೋಟೆಯ ಗೋಪುರ, ಅದಕ್ಕೊಂದು ಕಪ್ಪು ಬಾಗಿಲು, ಬಾಗಿಲ ಮುಂದೆ ಮೂರು ಹಳದಿ ಬೊಟ್ಟು. ನೀಲಿಯೆಂದರೆ ನದಿ, ಬಿಳಿಯೆಂದರೆ ಸುಣ್ಣಕಲ್ಲು, ಬೊಟ್ಟುಗಳು ಗೋಧಿಕಾಳು ಎಂದು ನಗರಸಭೆಯ ಹಾಳೆಯಲ್ಲಿ ಬರೆದಿತ್ತು. ನಾನು ಓದಿ ಹೇಳಿದಾಗ ಓಮಾ ನಕ್ಕರು.

"ಗೋಧಿಯಂತೆ! ಪ್ಲೇಗು ಬಂದಾಗ ಊರವರು ಕೋಟೆ ಬಾಗಿಲು ಹಾಕಿಕೊಂಡರು ಮಗೂ. ಹೊಲಕ್ಕೆ ಹೋಗಿದ್ದ ಮೂರು ಮಕ್ಕಳು ಆಚೆಯೇ ಉಳಿದವು. ಮೂರು ಸಂಜೆ ತಟ್ಟಿದವು. ಆಮೇಲೆ ತಟ್ಟಲಿಲ್ಲ."

ಒಂದು ಮಧ್ಯಾಹ್ನ ಓಮಾ ಕುರ್ಚಿಯಲ್ಲೇ ತೂಕಡಿಸುತ್ತಿದ್ದರು. ಕಪ್ಪು ಬಾಗಿಲಿನ ಅಡಿಯಲ್ಲಿ ಒಂದು ಬೆರಳಗಲ ಹೊಲಿಗೆಯೇ ಇರಲಿಲ್ಲ. ಪಾಪ, ಕಣ್ಣು ಕಾಣದೆ ಬಿಟ್ಟಿದ್ದಾರೆ ಎಂದುಕೊಂಡೆ. ಆರು ಹೊಲಿಗೆ ಹಾಕಿ ಅವ್ವ ಕಲಿಸಿದ ಜೋಡಿ ಗಂಟು ಬಿಗಿದೆ. ಮರುದಿನ ನಗರಸಭೆಯವರು ಬಂದು ಬಾವುಟ ಒಯ್ದು ಏರಿಸಿದರು.

ಆ ವಾರದಿಂದ ಸಂಜೆ ಯಾರೋ ಬಾಗಿಲು ತಟ್ಟುತ್ತಾರೆಂದು ಓಮಾ ಹೇಳತೊಡಗಿದರು. ಕೀಟಲೆ ಹುಡುಗರಿರಬೇಕು ಎಂದೆ. ಒಂದು ಸಂಜೆ ಅವರ ಜೊತೆ ಚಹಾ ಕುಡಿಯುತ್ತ ಕೂತಿದ್ದಾಗ ನನಗೂ ಕೇಳಿಸಿತು. ಮೂರು ಸಲ. ಬಾಗಿಲಿನ ಕೆಳಭಾಗದಲ್ಲಿ, ನನ್ನ ಸೊಂಟಕ್ಕಿಂತ ಕೆಳಗೆ. ಓಡಿಹೋಗಿ ತೆರೆದೆ. ಆ ಮೆಟ್ಟಿಲ ದೀಪ ಬೆಕ್ಕು ಸುಳಿದರೂ ಹೊತ್ತಿಕೊಳ್ಳುವಂಥದ್ದು. ಹೊತ್ತಿರಲಿಲ್ಲ. ನಾನು ಹೊಸಿಲು ದಾಟಿದ ಮೇಲೆ ಹೊತ್ತಿಕೊಂಡಿತು.

ಓಮಾ ನನ್ನ ಮುಂಗೈ ಹಿಡಿದರು. "ಬಾಗಿಲ ಅಡಿಯ ಸಂದು ಹಾಗೇ ಇದೆ ತಾನೇ? ನಮ್ಮಮ್ಮನೂ ಬಿಡುತ್ತಿದ್ದಳು. ಆ ಮಕ್ಕಳು ಒಳಗೆ ಬರಲಿ ಅಂತ. ಅದು ಮುಚ್ಚಿದರೆ ಹೊಲಿದವರ ಮನೆ ಹುಡುಕಿಕೊಂಡು ಬರುತ್ತವೆ ಅನ್ನುತ್ತಿದ್ದಳು."

"ಇದೆ ಓಮಾ," ಎಂದೆ.

ತಪ್ಪು ಮಾಡಿದೆ ಎಂದು ಹೇಳಿ ನನಗೆ ಅಭ್ಯಾಸವಿರಲಿಲ್ಲ. ಒಂದು ಪರೀಕ್ಷೆ ತಪ್ಪಿದ್ದರೂ ಗದಗಿನ ಹೊಲಿಗೆ ಯಂತ್ರದ ಮುಂದೆ ಕೂರಬೇಕಿದ್ದವಳು ನಾನು. ಸರಿಯಾಗಿರುವುದೇ ನನ್ನ ಆಸ್ತಿ. ಹೇಳಿದ್ದರೆ ಬಾವುಟ ಇಳಿಸಿ ಬಿಚ್ಚಬಹುದಿತ್ತು, ಅವರಿಗೆ ನೆಮ್ಮದಿಯಾಗುತ್ತಿತ್ತು. ಹೇಳಲಿಲ್ಲ. ಪ್ರಬಂಧದ ನೆಪದಲ್ಲಿ ಕೆಳಗೆ ಹೋಗುವುದನ್ನೂ ಕಡಿಮೆ ಮಾಡಿದೆ. ಓಮಾ ಕುರ್ಚಿಯನ್ನು ಬಾಗಿಲಿಗೆ ಎದುರಾಗಿ ಹಾಕಿಕೊಂಡಿದ್ದರು. ಕೊಡೆ ಇಡುವ ಮೂಲೆಯಲ್ಲಿ ಮೂರು ಲೋಟ ಹಾಲು ಇಟ್ಟದ್ದನ್ನು ಒಮ್ಮೆ ಕಂಡೆ. ಮೇಲಕ್ಕೆ ಹತ್ತಿಹೋದೆ...

ಎಲೆ ಉದುರುವ ಕಾಲಕ್ಕೆ ದೊಡ್ಡ ಬಾವುಟವೂ ಅಚ್ಚಿನದ್ದೇ ಬಂತು. ಹಳೆಯದನ್ನು ಓಮಾಗೇ ಕೊಟ್ಟರು. ಹಿಮ ಬೀಳುವ ಮೊದಲು ಅವರು ಹೋಗಿಬಿಟ್ಟರು. ಕುರ್ಚಿಯಲ್ಲೇ ಇದ್ದರಂತೆ, ಬಾಗಿಲು ತೆರೆದಿತ್ತಂತೆ. ಅವರ ತಂಗಿಯ ಮಗಳು ಈ ಪೆಟ್ಟಿಗೆ ತಂದು, "ಇದು ಮೇಲಿನ ಮನೆ ಹುಡುಗಿಗೇ ಸೇರಬೇಕಂತೆ," ಎಂದರು.

ಹೋದ ವಾರ ಅದರೊಳಗಿನ ಬಾವುಟವನ್ನು ನೆಲದ ಮೇಲೆ ಹಾಸಿದೆ. ಕಪ್ಪು ಬಾಗಿಲಿನ ಅಡಿ ನೋಡಿದೆ. ನನ್ನ ಆರು ಹೊಲಿಗೆಗಳಲ್ಲಿ ನಾಲ್ಕು ಬಿಚ್ಚಿದ್ದವು. ಸುತ್ತ ಗುರಿ ತಪ್ಪಿದ ಸೂಜಿಯ ತೂತುಗಳು, ಬಿಳಿ ಪಟ್ಟಿಯ ಮೇಲೆ ಕಂದುಗಟ್ಟಿದ ರಕ್ತದ ಚುಕ್ಕೆಗಳು. ಕಾಣದ ಕಣ್ಣಲ್ಲಿ ತಡವಿ ತಡವಿ ಬಿಚ್ಚಿದ್ದಾರೆ. ನನ್ನ ಜೋಡಿ ಗಂಟಿನ ಹತ್ತಿರ ಸೋತಿದ್ದಾರೆ. ಅವರಿಗೆ ಗೊತ್ತಿತ್ತು. ಆದರೂ ನನ್ನ ಬಾಗಿಲು ತಟ್ಟಿ ಕೇಳಲಿಲ್ಲ.

ಕತ್ತರಿಯ ತುದಿಯಿಂದ ಗಂಟು ಬಿಡಿಸಿ ಉಳಿದೆರಡನ್ನೂ ಎಳೆದೆ. ಸಂಜೆ ಬಾಗಿಲನ್ನು ಸ್ವಲ್ಪ ತೆರೆದಿಟ್ಟು ಎದುರಿಗೆ ಕೂತೆ. ಯಾರೂ ತಟ್ಟಲಿಲ್ಲ. ಇಲ್ಲಿಯೂ ಅಂಥದ್ದೇ ಮೆಟ್ಟಿಲ ದೀಪ; ಸ್ವಲ್ಪ ಹೊತ್ತಿಗೆ ಅದು ತಾನಾಗಿ ಹೊತ್ತಿಕೊಂಡಿತು. ಹೆಜ್ಜೆ ಸಪ್ಪಳವಿಲ್ಲ.

"ನಾನೇ ಹೊಲಿದಿದ್ದೆ ಓಮಾ," ಎಂದೆ.

ದೀಪ ಆರಿತು.