ಹಿಂದಕ್ಕೆ ಕೊಟ್ಟ ಬಾಡಿನ ಸಾರು

ಮಧುಗಿರಿಯಲ್ಲಿ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಸೊಂಟದೆತ್ತರದ ಕಾಂಪೌಂಡ್ ಗೋಡೆ ಇದೆ. ನಾವು ಇಲ್ಲಿಗೆ ಬಂದ ಹೊಸದರಲ್ಲಿ, ಅದರ ಮೇಲೆ ನಮ್ಮ ಬಟ್ಟೆ ಒಣಗಿದರೂ ಆ ಮನೆಯ ಅಜ್ಜಿ ಗೋಡೆಗೆ ನೀರು ಹಾಕಿಸಿ ತೊಳೆಸುತ್ತಿದ್ದರು. ನಾವು ಮೂರು ತಲೆಮಾರಿನಿಂದ ಕ್ರೈಸ್ತರು; ಅದಕ್ಕೆ ಮುಂಚೆ ಯಾವ ಕೇರಿಯವರಾಗಿದ್ದೆವು ಎನ್ನುವುದನ್ನು ಊರು ಮರೆತಿರಲಿಲ್ಲ. ನಾನು ಸರ್ಕಾರಿ ಶಾಲೆಯ ಟೀಚರ್ ಆಗಿದ್ದರೂ ಅಜ್ಜಿಯ ಕಣ್ಣಿಗೆ ಏನೂ ಬದಲಾಗಿರಲಿಲ್ಲ.

ಬದಲಾಯಿಸಿದ್ದು ಅವರ ಸೊಸೆ. ನನಗಿಂತ ದೊಡ್ಡವರು, ಅಕ್ಕ ಎಂದೇ ಕರೆಯುತ್ತೇನೆ. ಒಂದು ಮಧ್ಯಾಹ್ನ ಅವರ ಮಗುವಿಗೆ ಜ್ವರ ಏರಿ, ಇಬ್ಬರೂ ಆಸ್ಪತ್ರೆಗೆ ಓಡಿದೆವು. ವಾಪಸ್ ಬಂದವರೇ ನಮ್ಮ ಅಡುಗೆಮನೆಯಲ್ಲಿ ಕೂತರು. ಗೋಡೆಯಾಚೆ ಅತ್ತೆ ನಿಂತು ನೋಡುತ್ತಿದ್ದರೂ ನಾನು ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದೇ ಲೋಟ ಕೆಳಗಿಟ್ಟರು. ಅಜ್ಜಿ ತೀರಿಕೊಂಡ ಮೇಲೆ ಗೋಡೆ ಇದ್ದೂ ಇಲ್ಲದಂತಾಯಿತು. ಕ್ರಿಸ್‌ಮಸ್‌ಗೆ ನಮ್ಮ ಕಜ್ಜಾಯ ಆಚೆಗೆ ಹೋಗುತ್ತಿತ್ತು. ಪಿತೃಪಕ್ಷದಲ್ಲಿ ಅವರು ಹಿರಿಯರಿಗೆ ಎಡೆ ಇಟ್ಟ ಬಾಡಿನ ಸಾರು, ವಡೆ ಈಚೆಗೆ ಬರುತ್ತಿತ್ತು. ಎಡೆಗೆ ಇಟ್ಟದ್ದು ಎಂದು ನಾನು ಯಾವತ್ತೂ ಹಿಂದೆಮುಂದೆ ನೋಡಿರಲಿಲ್ಲ. ಇರುವುದು ಒಬ್ಬನೇ ದೇವರು, ಬಾಡು ಬರೀ ಬಾಡು. ಪ್ರಾರ್ಥನೆ ಮಾಡಿ ತಿನ್ನುತ್ತಿದ್ದೆವು.

ನಮ್ಮ ಸಭೆ ಚಿಕ್ಕದು. ಶೀಟು ಹೊದಿಸಿದ ಒಂದು ಬಾಡಿಗೆ ಹಾಲ್‌ನಲ್ಲಿ ಭಾನುವಾರ ಪ್ರಾರ್ಥನೆಗೆ ಸೇರುತ್ತೇವೆ. ಅಲ್ಲಿಗೆ ಪುರವರದ ಕಡೆಯ ಒಬ್ಬ ಹುಡುಗಿ ಬರತೊಡಗಿದ್ದಳು. ಬಸ್ ಸ್ಟ್ಯಾಂಡ್ ಹತ್ತಿರ ಬ್ಲೌಸ್ ಹೊಲಿಯುತ್ತಿದ್ದವಳು. ಚಿಕ್ಕಂದಿನಿಂದ ಅವಳ ಮೈಮೇಲೆ ಮಾರಮ್ಮ ಬರುತ್ತಿದ್ದಳಂತೆ. ಹಬ್ಬದ ದಿನ ಎಡೆ ತಿನ್ನಿಸಿದರೆ ಸಾಕು, ಕೂದಲು ಬಿಚ್ಚಿ ಕುಣಿಯುತ್ತಿದ್ದಳಂತೆ. ಆಮೇಲೆ ಮೂರು ದಿನ ಏಳಲು ಆಗುತ್ತಿರಲಿಲ್ಲವಂತೆ. ಅದನ್ನೆಲ್ಲ ಬಿಟ್ಟು ಬಂದವಳು ಪ್ರಾರ್ಥನೆಯಲ್ಲೂ ಕಣ್ಣು ಪೂರ್ತಿ ಮುಚ್ಚುತ್ತಿರಲಿಲ್ಲ.

ಆ ವರ್ಷ ಮಹಾಲಯ ಅಮಾವಾಸ್ಯೆಯ ದಿನ ನನ್ನ ಸೀರೆಗಳಿಗೆ ಫಾಲ್ಸ್ ಹಚ್ಚಲು ಮನೆಗೆ ಬಂದಿದ್ದಳು. ಊಟದ ಹೊತ್ತಿಗೆ ಅಕ್ಕ ಗೋಡೆಯ ಮೇಲಿಂದ ಕ್ಯಾರಿಯರ್ ಕೊಟ್ಟರು. ನಾನು ತಟ್ಟೆ ಹಾಕಿ ಮುಚ್ಚಳ ತೆಗೆದೆ. ಅವಳ ಮುಖ ಬಿಳಿಚಿಕೊಂಡಿತು.

"ಆಂಟಿ, ಇದು ಎಡೆಗೆ ಇಟ್ಟಿದ್ದಲ್ವಾ?"

"ಹೌದು."

"ನೀವು ತಿಂತೀರಾ?"

ನಮಗೆ ಅದು ಬರೀ ಊಟ, ಅದರಲ್ಲಿ ಯಾವ ಶಕ್ತಿಯೂ ಇಲ್ಲ, ನಮ್ಮನ್ನು ಕಟ್ಟಿಹಾಕುವಂಥದ್ದು ಏನೂ ಇಲ್ಲ ಎಂದು ನಿಧಾನವಾಗಿ ಹೇಳಿದೆ. ಅವಳು ಗಮನವಿಟ್ಟು ಕೇಳಿದಳು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿದಳು.

"ಅಂಗಾದ್ರೆ ನನಗೂ ಹಾಕಿ. ನೀವು ತಿಂದ್ಮೇಲೆ ತಪ್ಪಿಲ್ಲ ಅಂತಾನೇ ಅಲ್ವಾ. ಮತ್ತೆ ಅವಳು ಮೈಮೇಲೆ ಬಂದ್ಬುಟ್ರೆ ನೀವು ಇದೀರಲ್ಲ."

ಕಣ್ಣು ಮಾತ್ರ ಸಾರಿನ ಕಡೆ ತಿರುಗಲಿಲ್ಲ. ಅವಳು ನನ್ನ ಮಾತನ್ನು ನಂಬಿರಲಿಲ್ಲ. ನನ್ನನ್ನು ನಂಬಿದ್ದಳು, ಅಷ್ಟೇ. ಒಳಗೆ ತಪ್ಪೆಂದುಕೊಂಡೇ ತಿನ್ನಲು ಹೊರಟಿದ್ದಳು. ನಾನು ಮುಚ್ಚಳ ಹಾಕಿದೆ. ಇಬ್ಬರೂ ಮೊಸರನ್ನ, ಉಪ್ಪಿನಕಾಯಿ ತಿಂದೆವು.

ಸಂಜೆ ನಮ್ಮ ಯಜಮಾನರು, "ಅವಳು ಹೋದ್ಮೇಲೆ ತಿನ್ನಬಹುದಿತ್ತಲ್ಲ, ಯಾರು ನೋಡ್ತಿದ್ರು?" ಎಂದರು. ಅವರು ಹೇಳಿದ್ದರಲ್ಲಿ ಅರ್ಥವಿತ್ತು. ಆದರೆ ನಾಳೆ ಅವಳು ಕೇಳಿದರೆ ಸುಳ್ಳು ಹೇಳುವುದು ನನ್ನಿಂದ ಆಗದು; ನಿಜ ಹೇಳಿದರೆ ಅವಳೂ ಹೆದರುತ್ತಲೇ ತಿನ್ನುತ್ತಾಳೆ. ಕ್ಯಾರಿಯರ್ ತೆಗೆದುಕೊಂಡು ಪಕ್ಕದ ಮನೆಗೆ ಹೋದೆ. ಸಾರು ಹಾಗೇ ಇತ್ತು. ಅಕ್ಕ ಮುಚ್ಚಳ ತೆಗೆದು ನೋಡಿದರು. ನಡೆದದ್ದನ್ನು ಇದ್ದಂತೆ ಹೇಳಿದೆ.

"ನಿಮ್ಮನೇಲಿ ಕಾಫಿ ಕುಡ್ದೆ ಅಂತ ನಮ್ಮತ್ತೆ ಕೈಲಿ ಎಷ್ಟ್ ಉಗಿಸ್ಕೊಂಡಿದೀನಿ ಗೊತ್ತಾ ಟೀಚರಮ್ಮ? ತಿಂಗಳಾನುಗಟ್ಟಲೆ ಅಡುಗೆಮನೆಗೆ ಸೇರಿಸ್ಲಿಲ್ಲ ನನ್ನ. ಈಗ ನಮ್ಮನೆ ಅನ್ನನೇ ನಿಮಗೆ ಮೈಲಿಗೆ ಆಯ್ತಾ?"

"ಮೈಲಿಗೆ ಅಲ್ಲ ಅಕ್ಕ. ಆ ಹುಡುಗಿ ಹೆದರ್ಕೊಂಡಿದಾಳೆ."

"ಅವಳು ಹೆದರ್ಕೊಂಡ್ರೆ ನೀವ್ಯಾಕೆ ಬುಡ್ಬೇಕು?"

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಆದರೆ ಅದು ಸಭೆಯೊಳಗಿನ ಉತ್ತರ: ನಾನು ತಿನ್ನುವುದು ಬಲವಿಲ್ಲದ ಒಬ್ಬರನ್ನು ಎಡವಿಸುವುದಾದರೆ ಆ ಊಟವೇ ಬೇಡ ಎನ್ನುತ್ತದೆ ನಮ್ಮ ಬೈಬಲ್. ಆ ಬಾಗಿಲಲ್ಲಿ ನಿಂತು ಹೇಳಲು ಬಾಯಿ ಬರಲಿಲ್ಲ. ಮನೆಗೆ ಬಂದು ದೀಪವನ್ನೂ ಹಾಕದೆ ಕೂತೆ. ಒಬ್ಬಳ ಮನಸ್ಸು ಕಾಯಲು ಹೋಗಿ ಇನ್ನೊಬ್ಬರ ಮನಸ್ಸು ಒಡೆದಿದ್ದೆ. ಎರಡರಲ್ಲಿ ಯಾವುದು ಹೆಚ್ಚು ಎಂದು ತೂಗುವ ಶಕ್ತಿ ಅವತ್ತು ನನಗಿರಲಿಲ್ಲ, ಇವತ್ತೂ ಇಲ್ಲ.

ಆಮೇಲೆ ಗೋಡೆ ಮತ್ತೆ ಗೋಡೆಯಾಯಿತು. ಕ್ರಿಸ್‌ಮಸ್‌ಗೆ ಕಜ್ಜಾಯ ಕೊಟ್ಟೆ, ತೆಗೆದುಕೊಂಡರು, ಮಾತಾಡಲಿಲ್ಲ. ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ ಬಾಡಿನ ವಾಸನೆ ಮಾತ್ರ ಈಚೆಗೆ ಬಂತು. ಸಭೆಯಲ್ಲಿ ಆ ಹುಡುಗಿ ನನ್ನ ಪಕ್ಕದಲ್ಲೇ ಕೂರುತ್ತಿದ್ದಳು. ಕೆಲವೊಮ್ಮೆ ಅವಳ ಮೇಲೇ ಸಿಟ್ಟು ಬರುತ್ತಿತ್ತು. ಇಷ್ಟು ದಿನವಾದರೂ ಇವಳಿಗೆ ಧೈರ್ಯ ಬರಬಾರದೇ ಎನ್ನಿಸುತ್ತಿತ್ತು. ಅವಳು ಹಾಡುವಾಗ ನನ್ನ ಸೆರಗಿನ ಅಂಚು ಹಿಡಿದುಕೊಳ್ಳುತ್ತಿದ್ದಳು. ಬಿಡಿಸಿಕೊಳ್ಳಲು ಆಗುತ್ತಿರಲಿಲ್ಲ.

ಮುಂದಿನ ಪಿತೃಪಕ್ಷ ಬಂತು. ಅಮಾವಾಸ್ಯೆಯ ದಿನ ಹತ್ತು ಗಂಟೆಗೇ ಅಕ್ಕ ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಸೆರಗಿನೊಳಗೆ ಒಂದು ಸ್ಟೀಲ್ ಡಬ್ಬಿ.

"ತಗೊಳಿ. ಎಡೆಗೆ ಇಡೋಕ್ ಮುಂಚೇನೇ ತೆಗ್ದಿಟ್ಟೆ. ಈಗ ನಿಮ್ಮ ಹುಡ್ಗೀನೂ ತಿನ್ನಬಹುದು."

ಒಮ್ಮೆ ಹಿಂದಕ್ಕೆ ತಿರುಗಿ ತಮ್ಮ ಮನೆಯ ಕಡೆ ನೋಡಿದರು. ಆ ಮನೆಯಲ್ಲಿ ಹಿರಿಯರಿಗೆ ಇಡುವ ಮುಂಚೆ ಉಪ್ಪು ನೋಡಲೂ ನಾಲಗೆಗೆ ಹಚ್ಚುವುದಿಲ್ಲ. ಹಾಗೆ ಮಾಡಿದರೆ ಮನೆಗೆ ಕೇಡು ಎಂದು ನಂಬಿ ಬೆಳೆದವರು ಅವರು. ನನಗಾಗಿ ಕದ್ದ ಹಾಗೆ ತಂದಿದ್ದರು. ಡಬ್ಬಿ ಬಿಸಿಯಾಗಿತ್ತು. ಈಸಿಕೊಂಡುಬಿಟ್ಟರೆ ಇಡೀ ವರ್ಷದ ಮೌನ ಅಲ್ಲಿಗೇ ಮುಗಿಯುತ್ತಿತ್ತು.

"ಅಕ್ಕ, ಇದೂ ಬೇಡ. ನಿಮ್ಮ ಹಿರಿಯರಿಗಿಂತ ಮುಂಚೆ ನನಗೆ ಬೇಡ. ಆಮೇಲೆ ಮನೇಲಿ ಯಾರಿಗೆ ಏನಾದ್ರೂ ನೀವು ಇದನ್ನೇ ನೆನೆಸ್ಕೋತೀರ."

ಅವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಜೊತೆ ಸ್ನೇಹ ಮಾಡೋದು ಬಲೇ ಕಷ್ಟ ಕಣಮ್ಮ" ಎಂದರು. ನಾನೂ ಅವರ ಪಕ್ಕ ಕೂತೆ. ಆ ಹುಡುಗಿಯ ಮಾರಮ್ಮನ ಕಥೆಯನ್ನು ಮೊದಲ ಬಾರಿಗೆ ಪೂರ್ತಿ ಕೇಳಿದರು. "ಅಯ್ಯೋ ಪಾಪ, ಮೂರ್ ದಿನ ಏಳೋಕ್ಕಾಗ್ತಿರ್ಲಿಲ್ವಾ" ಎಂದು ಡಬ್ಬಿ ತೆಗೆದುಕೊಂಡು ಎದ್ದುಹೋದರು.

ಹಬ್ಬ ಕಳೆದ ಮೇಲೆ, ಏನೂ ವಿಶೇಷವಿಲ್ಲದ ಒಂದು ದಿನ, ಅಕ್ಕ ನನ್ನನ್ನೂ ಆ ಹುಡುಗಿಯನ್ನೂ ಊಟಕ್ಕೆ ಕರೆದರು. ಮುದ್ದೆ, ಕೋಳಿಸಾರು. ಹುಡುಗಿ ತಟ್ಟೆಗೆ ಕೈ ಹಾಕದೆ ನನ್ನ ಮುಖ ನೋಡಿದಳು. ಅಕ್ಕನೇ ಹೇಳಿದರು: "ತಿನ್ನವ್ವ. ಯಾರ್ ಮುಂದೇನೂ ಇಟ್ಟಿಲ್ಲ. ಗ್ಯಾಸ್ ಒಲೆಯಿಂದ ಸೀದಾ ನಿನ್ ತಟ್ಟೇಗೆ ಬಂದೈತೆ."

ಅವಳು ತಿಂದಳು. ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಕೈ ತೊಳೆಯುವಾಗ ನನ್ನ ಕಿವಿಯ ಹತ್ತಿರ ಬಂದು, "ಆಂಟಿ, ಎಡೇದು ಮಾತ್ರ ನನ್ಕೈಲಿ ಇನ್ನೂ ಆಗಲ್ಲ. ಬೇಜಾರ್ ಮಾಡ್ಕೋಬೇಡಿ" ಎಂದಳು.

"ಆಗದಿದ್ರೆ ಬೇಡ ಬಿಡು," ಎಂದೆ. ಬೇಜಾರಿರಲಿಲ್ಲ. ದಣಿವಾಗಿತ್ತು. ಅಕ್ಕ ಒಳಗಿನಿಂದ ಎಲೆಅಡಿಕೆ ತಟ್ಟೆ ತಂದು ನಮ್ಮಿಬ್ಬರ ನಡುವೆ ಇಟ್ಟರು. ಮೂವರೂ ಜಗಲಿಯ ಮೇಲೆ ಕಾಲು ಚಾಚಿಕೊಂಡು, ಬಿಸಿಲು ಇಳಿಯುವವರೆಗೆ ಎಲೆ ಮೆಲ್ಲುತ್ತ ಕೂತಿದ್ದೆವು.