ವರ್ದೆಯ ಹೆಸರು ಬರೆಸಿದ ಹಿಲ್ವೆ

"ನೋಡಪ್ಪಾ ಮಿತ್ರಿ, ನಿನ್ನ ಪರಂಗಿ ದೊರೆಗೆ ಹೇಳು. ಹೋದ ವರ್ಷ ನಮ್ಮ ವರ್ದೆಗೆ ತನ್ನ ಇದೇ ಹರಕು ಕಂಬಳಿ ಹೊದಿಸಿ, ಕೂದಲು ಕೆದರಿಸಿ, ಕೈ ಚಾಚಿಸಿ ಪಟ ತೆಗೆದ. ಹುಡುಗಿ ಏನೋ ಆಟ ಅಂದ್ಕೊಂಡು ನಿಂತಳು. ಆ ಪಟ ಈಗ ಜೆರೂಸಲೇಮಿನ ಅಂಗಡೀಲಿ ನೇತಾಡ್ತಿದೆ, ಅಡಿಯಲ್ಲಿ 'ಭಿಕ್ಷುಕಿ' ಅಂತ ಬರೆದಿದ್ದಾನೆ. ಅದನ್ನ ನೋಡಿ ಗಂಡಿನ ಕಡೆಯವರು ಮಾತು ಮುರ್ಕೊಂಡು ಹೋದ್ರು. ಈಗ ನಾನೂ ಆ ಕಂಬಳಿ ಹೊದ್ದು ನನ್ನ ಒಲೆ ಮುಂದೆ ಕೂರಬೇಕಾ? ಕೂರ್ತೀನಿ, ನನ್ನ ಹಬ್ಬದ ಅಂಗಿ ಹಾಕ್ಕೊಂಡು. ಪಕ್ಕದಲ್ಲಿ ವರ್ದೆ, ಮದುವೆಗೆ ಅಂತ ಅವಳೇ ಹೊಲಿದ ಅಂಗೀಲಿ. ಇಲ್ಲಾಂದ್ರೆ ಒಲೇನೂ ಇಲ್ಲ, ಪಟಾನೂ ಇಲ್ಲ."

ಜೆರೂಸಲೇಮಿನ ಹತ್ತಿರದ ಬೈತ್ ಜಾಲಾ ಹಳ್ಳಿಯ ಹಿಲ್ವೆ ಸೊಂಟದ ಮೇಲೆ ಕೈಯಿಟ್ಟು ಹೀಗೆ ನಿಂತಾಗ ದುಭಾಷಿ ಮಿತ್ರಿ ಅಷ್ಟನ್ನೂ ಪರಂಗಿಯವನಿಗೆ ಹೇಳಿ ತಿರುಗಿದ. ವರ್ದೆ ಅವಳ ತೀರಿಹೋದ ತಂಗಿಯ ಮಗಳು, ಅವಳ ಮಡಿಲಲ್ಲೇ ಬೆಳೆದವಳು.

"ಕಸೂತಿ ಅಂಗಿ ಬೇಡವಂತೆ ಅತ್ತೆ. ಅವರೂರಲ್ಲಿ ನಮ್ಮ ಹರಕು ಬಟ್ಟೆಯ ಪಟಾನೇ ಖರ್ಚಾಗೋದಂತೆ."

"ಹಾಗಾದ್ರೆ ಅವನೇ ಹೊದ್ದು ಕೂರಲಿ. ಗಡ್ಡ ಬೇರೆ ಇದೆ, ಚೆನ್ನಾಗಿ ಭಿಕ್ಷೆ ಹುಟ್ಟುತ್ತೆ!"

ಪರಂಗಿಯವನು ಮುನಿಸಿಕೊಂಡು ಬೇರೆ ಮನೆಗಳ ಕಡೆ ಹೊರಟ. ಅಷ್ಟರಲ್ಲಿ ಸುದ್ದಿ ಮಾಳಿಗೆಯಿಂದ ಮಾಳಿಗೆಗೆ ಹಾರಿತ್ತು. ಹೆಂಗಸರೆಲ್ಲ ಮರದ ಪೆಟ್ಟಿಗೆ ತೆರೆದು, ಎದೆತುಂಬ ಕೆಂಪು ಕಸೂತಿಯ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ಈ ಕಂಬಳೀನಾ? ನಮ್ಮ ಕತ್ತೆಗೇ ನಾಚಿಕೆಯಾಗುತ್ತೆ ಹೋಗಪ್ಪಾ" ಎಂದಳು ಒಬ್ಬ ಮುದುಕಿ. ಬೀದಿಯೆಲ್ಲ ನಗು.

ಮರುದಿನ ಯಾಫಾ ಬಂದರಿನಲ್ಲಿ ಹಡಗು ಹತ್ತಬೇಕಾದವನು, ಬಿಸಿಲೂ ಇಳಿಯುತ್ತಿತ್ತು. ತಿರುಗಿ ಬಂದು "ಆಗಲಿ" ಎಂದ. ಹಿಲ್ವೆ, ವರ್ದೆ ಒಲೆಯ ಮುಂದೆ ರಾಣಿಯರ ಹಾಗೆ ಕೂತರು. ಪರಂಗಿಯವನು ತನ್ನ ಕತ್ತಲೆ ಗುಡಾರದಲ್ಲಿ ತೊಳೆದು, ಪಟ ಮೂಡಿದ ಗಾಜನ್ನು ಹೊರತಂದಾಗ ಹಿಲ್ವೆ ಮಿತ್ರಿಯ ತೋಳು ಹಿಡಿದಳು.

"ಅಡಿಯಲ್ಲಿ ನಮ್ಮ ಹೆಸರು, ಊರ ಹೆಸರು ಬರೆಸು. ನೋಡ್ತಿರ್ತೀನಿ."

"ನಿನಗೆ ಓದೋಕೆ ಬರಲ್ಲವಲ್ಲ ಅತ್ತೆ?"

"ಪಾದ್ರಿಗಳಿಗೆ ಬರುತ್ತಲ್ಲ. ಕರೆಸಿದ್ದೀನಿ."

ಪರಂಗಿಯವನು ಅಂಚಿನಲ್ಲಿ ಬರೆದ ಮೇಲೆ ಪಾದ್ರಿಗಳು ಗಾಜನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದಿದರು: ಹಿಲ್ವೆ, ವರ್ದೆ, ಬೈತ್ ಜಾಲಾ.

ಆಲಿವ್ ಕೊಯ್ಲಿನ ಹೊತ್ತಿಗೆ ಆ ಪಟವೂ ಜೆರೂಸಲೇಮಿನ ಅದೇ ಅಂಗಡಿಗೆ ಬಂತು. ಮುಂದಿನ ಭಾನುವಾರ ಗಂಡಿನ ತಾಯಿ ಬಾಗಿಲಲ್ಲಿ!

"ಯಾರ ಮನೆ ಬೇಕಿತ್ತು? ಭಿಕ್ಷುಕಿ ಮನೆ ಇಲ್ಲಿಲ್ಲ" ಎಂದಳು ಹಿಲ್ವೆ.

"ತಪ್ಪಾಯ್ತು ಹಿಲ್ವೆ, ಎಷ್ಟು ಅಂತ ಚುಚ್ತೀಯ? ಆ ಹುಡುಗೀನ ನಮಗೆ ಕೊಡು."

ಹಿಲ್ವೆ ತಿರುಗಿ ವರ್ದೆಯ ಮುಖ ನೋಡಿದಳು. ಹುಡುಗಿ ತುಟಿ ಕಚ್ಚಿ ನಗು ತಡೆಯುತ್ತ ಹೂಂ ಎಂದು ತಲೆಯಾಡಿಸಿದಳು. "ಕೂತ್ಕೊಳ್ಳಮ್ಮಾ, ರೊಟ್ಟಿ ಬಿಸಿಬಿಸಿ ತಿನ್ನುವಿಯಂತೆ" ಎಂದು ಹಿಲ್ವೆ, ಪರಂಗಿಯವನು ಮರೆತುಹೋಗಿದ್ದ ಹರಕು ಕಂಬಳಿಯನ್ನು ಕೈಗೆ ಸುತ್ತಿಕೊಂಡು ಮಣ್ಣಿನ ಗೂಡೊಲೆಯ ಕಾದ ಮುಚ್ಚಳ ತೆಗೆದಳು. ಒಳಗಿನ ಕಾದ ಕಲ್ಲುಗಳ ಮೇಲೆ ಹಿಟ್ಟು ತಟ್ಟಿ ಹಾಕಿದಳು.